ಎರಡು ಕ್ರೆಡಿಟ್

ಕಾಮರ್ಸಿನ ಹದಿಮೂರು ತಾಸು ಕೂಡಿಸಿದ ಮೇಲೂ
ನನ್ನ ವರ್ಕ್‌ಲೋಡಿಗೆ ಎರಡು ತಾಸು ಕಡಿಮೆ ಬಿತ್ತು.
ಪ್ರಿನ್ಸಿಪಾಲರು ಟೈಮ್‌ಟೇಬಲ್ ಮೇಲೆ ಪೆನ್ಸಿಲ್ ಆಡಿಸಿ
'ಮೌಲ್ಯಶಿಕ್ಷಣ ತಗೋರಿ ಮೇಡಮ್,
ಅದಕ್ಕೇನ ಓದೂದಿರೂದಿಲ್ಲ' ಅಂದರು.
ಹಾಗೆ ನಾನು,
ವರ್ಷಕ್ಕೆ ಹತ್ತು ತಿಂಗಳ ಅತಿಥಿ ಉಪನ್ಯಾಸಕಿ,
ಶನಿವಾರದ ಕೊನೆಯ ಪಿರಿಯಡ್ಡಿಗೆ
ಸತ್ಯದ ಹೊರೆ ಹೊತ್ತೆ.

ಕೊಲ್ಹಾರದ ಬಿಸಿಲು ಹತ್ತಕ್ಕೇ ಕಿಟಕಿ ಹತ್ತಿ ಕೂರುತ್ತದೆ.
ಯುನಿಟ್ ಒಂದು: ಮೌಲ್ಯ ಎಂದರೇನು.
ಯುನಿಟ್ ಎರಡು: ಪ್ರಾಮಾಣಿಕತೆ ಮತ್ತು ಅದರ ವಿಧಗಳು.
ವಿಧಗಳು ನಾಲ್ಕು ಎಂದು ಗೈಡಿನಲ್ಲಿತ್ತು,
ನಾಲ್ಕನ್ನೂ ಬರೆಸಿದೆ.
ಹಿಂದಿನ ಬೆಂಚಿನವನು ಕೇಳಿದ:
'ಮೂರಽ ಬರದ್ರ ಮಾರ್ಕ್ಸ್ ಕಟ್ ಆಗ್ತಾವೇನ್ರಿ?'
ಆಗ್ತಾವ, ಎಂದೆ.

ನೂರಾ ಹನ್ನೆರಡು ಹೆಸರು.
ಅಸೈನ್‌ಮೆಂಟು ಎಷ್ಟಿದ್ದವೋ ಎಣಿಸಲಿಲ್ಲ.
ಮೇಲಿನ ಹತ್ತು ಓದಿದೆ: ಒಂದೇ ಗೈಡು,
ಒಂದೇ ಕಡೆ ತಪ್ಪಿದ ಒತ್ತಕ್ಷರ.
ಉಳಿದವಕ್ಕೆ ದಾರ ಕಟ್ಟಿ ಕಪಾಟಿಗಿಟ್ಟು
ಎಲ್ಲರಿಗೂ ಹದಿನೆಂಟು ಹಾಕಿದೆ.
ಇಪ್ಪತ್ತು ಕೊಟ್ಟರೆ ಮೇಲಿನವರು ಕೇಳುತ್ತಾರೆ,
ಹತ್ತು ಕೊಟ್ಟರೆ ಮನೆಯವರು ಬರುತ್ತಾರೆ,
ಹದಿನೆಂಟನ್ನು ಯಾರೂ ಕೇಳುವುದಿಲ್ಲ.
ಇದು ಯಾವ ಯುನಿಟ್ಟಿನಲ್ಲೂ ಇಲ್ಲ.
ಎಂಟು ವರ್ಷದ ನೌಕರಿ ಕಲಿಸಿದ್ದು.

ದಾನಮ್ಮ ಕಾಖಂಡಕಿ ಬಂದದ್ದು ಮಂಗಳವಾರ,
ಸ್ಟಾಫ್‌ರೂಮಿನ ಹೊಸ್ತಿಲಾಚೆ ಚಪ್ಪಲಿ ಬಿಟ್ಟು.
'ಮೇಡಮ್, ನನಗ ಹದಿನೆಂಟು ಬಂದಾವ್ರಿ.'
'ಕಡಿಮಿ ಆತೇನ?'
'ಇಲ್ರಿ. ನಾ ಅಸೈನ್‌ಮೆಂಟ್ ಕೊಟ್ಟಽ ಇಲ್ರಿ.'

ಹಿಸ್ಟರಿ ಸರ್ ಚುರುಮುರಿ ಅಗಿಯುವುದನ್ನು ನಿಲ್ಲಿಸಿದರು.
ನಾನು ರಿಜಿಸ್ಟರಿನ ಪುಟ ಮಗುಚಿದೆ,
ಏನೋ ಹುಡುಕುವವಳ ಹಾಗೆ.
ಮೇಲೆ ನನ್ನ ಕೈಬರಹದ ಒಂದು ಹದಿನೆಂಟು;
ಅದರ ಕೆಳಗೆ ಅದೇ, ಅದೇ, ಅದೇ ಎನ್ನುವ
ಎರಡೆರಡು ಗೀಟು,
ಪುಟದ ತಳದವರೆಗೆ.

'ಯಾಕ ಕೊಡಲಿಲ್ಲ?' ಎಂದು ನಾನೇ ಕೇಳಿದೆ.
ನಾಲಗೆಗೆ ನಾಚಿಕೆ ತಡವಾಗಿ ಬರುತ್ತದೆ.
'ಅವ್ವನ ಕೈ ಸುಟ್ಟಿತ್ರಿ.
ಮೊಸರಿನ ಗಡಿಗಿ ನಾನಽ ಒಯ್ತಿದ್ನಿ, ಬಸ್ ನಿಲ್ಲೂ ಕಡೆ.'

ಆ ಜಾಗ ನನಗೆ ಗೊತ್ತು.
ಕಿಟಕಿ ಕಿಟಕಿಗೆ ಏಳುವ ಸಣ್ಣ ಸಣ್ಣ ಗಡಿಗೆ.
ಕೊಳ್ಳುವವನು ಅನುಮಾನಿಸಿದರೆ ಆಣೆ ಹಾಕುವುದಿಲ್ಲ,
ಗಡಿಗೆಯನ್ನೇ ಬೋರಲು ಹಿಡಿಯುತ್ತಾರೆ;
ಮೊಸರು ಅಲುಗುವುದಿಲ್ಲ.
ಚಿಲ್ಲರೆ ಕೊಡುವುದರೊಳಗೆ ಬಸ್ಸು ಹೊರಟರೆ
ಸೆರಗು ಕಚ್ಚಿಕೊಂಡು ಹಿಂದೆ ಓಡುತ್ತಾರೆ.
ಕೆಲವೊಮ್ಮೆ ಓಡುವುದಿಲ್ಲ.
ಎರಡನ್ನೂ ನೋಡಿದ್ದೇನೆ.

'ಪೋರ್ಟಲ್ ಬಂದ್ ಆಗೇದ್ರಿ' ಎಂದರು ಕ್ಲರ್ಕ್ ಮುಲ್ಲಾ.
'ತಗಸಬೇಕಂದ್ರ ನೀವು ಲೆಟರ್ ಕೊಡಬೇಕು,
ಹೆಂಗ ತಪ್ಪಾತು ಅಂತ ಕಾರಣ ಬರದು.
ಸುಮ್ನ ಬಿಡ್ರಿ. ಮುಂದಿನ ವರ್ಷ ನಿಮ್ಮನ್ನ ಮತ್ತ...'
ಉಳಿದ ಮಾತನ್ನು ಬಿಸ್ಕೀಟಿನ ಜೊತೆ
ಚಹಾದಲ್ಲಿ ಅದ್ದಿ ನುಂಗಿದರು.

ಇರಲಿ ಬಿಡು, ಎಂದೆ ದಾನಮ್ಮನಿಗೆ.
ಅವಳು ಚಪ್ಪಲಿ ಮೆಟ್ಟಿದಳು, ಮತ್ತೆ ಬಿಟ್ಟಳು.
'ಈಗ ಬರದು ಕೊಡ್ಲೇನ್ರಿ, ತಡಾ ಆದ್ರೂ?'

ಗುರುವಾರ ತಂದಳು, ಎರಡೂವರೆ ಪುಟ.
ಒಂದು ಮೂಲೆಯಲ್ಲಿ ಮೊಸರಿನ ಒಣಗಿದ ಕಲೆ.
ಪ್ರಾಮಾಣಿಕತೆಯ ವಿಧಗಳು ಮೂರೇ ಇದ್ದವು, ಕೊನೆಗೆ ಒಂದು ಸಾಲು:
'ನಾಲ್ಕನೆಯದು ನನಗೆ ತಿಳಿಯಲಿಲ್ಲ, ಬಿಟ್ಟಿದ್ದೇನೆ.'

ಮೊದಲ ಸಲ ಒಂದನ್ನು ಪೂರ್ತಿ ಓದಿ ಅಂಕ ಹಾಕಿದೆ.
ಹದಿನಾಲ್ಕು.
ಹದಿನೈದು ಕೊಡಬಹುದಿತ್ತೇನೋ; ವಾಕ್ಯಗಳು ಉದ್ದ, ವಿರಾಮಚಿಹ್ನೆ ಇಲ್ಲ.

ಇವತ್ತು ಶನಿವಾರ. ಯುನಿಟ್ ಮೂರು, ಹೊಣೆಗಾರಿಕೆ.
ಬೆಲ್ ಆಗಿದೆ. ಹುಡುಗರು ಗೈಡು ತೆರೆದು
ಪೆನ್ನಿನ ಕ್ಯಾಪು ತೆಗೆದು ಕಾಯುತ್ತಿದ್ದಾರೆ.
ಪರ್ಸಿನಲ್ಲಿ ನಾಲ್ಕು ಮಡಿಕೆಯಾಗಿ ಲೆಟರ್ ಇದೆ:
ಮಾನ್ಯರೇ, ಎಂದು ಬರೆದಾಗಿದೆ,
ವಿಷಯ, ಎಂದು ಬರೆದಾಗಿದೆ.
ಕಾರಣ ಎಂಬಲ್ಲಿ
ಎರಡು ಗೀಟು ಎಳೆಯುವಷ್ಟು ಜಾಗ
ಇನ್ನೂ ಖಾಲಿ.