ಚಿಕೋರಿ ಎಷ್ಟು?

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು
ನನ್ನ ಕಾಫಿಪುಡಿ ಅಂಗಡಿ.
ಬಂದವರ ಮೊದಲ ಮಾತೇ, ಚಿಕೋರಿ ಎಷ್ಟು?
ಇಪ್ಪತ್ತಾ, ಮೂವತ್ತಾ, ಇಲ್ಲಾ ಬರೀ ಪ್ಯೂರಾ?
ಅಳೆದು ಹೇಳುತ್ತೇನೆ.
ಪುಡಿಗೆ ಬೇಜಾರಿಲ್ಲ.

ಶನಿವಾರ ಬರುವ ಪ್ರವಾಸಿಗಳು
ಪೊಟ್ಟಣ ಕಟ್ಟುವ ತನಕ ನನ್ನ ಮೂಗು ನೋಡುತ್ತಾರೆ.
‘ನೀವೆಲ್ಲ ಅಲೆಕ್ಸಾಂಡರನ ಸೈನ್ಯದವರಂತೆ, ಹೌದಾ?’
‘ಇರಬಹುದು, ಸಂಬಳ ಮಾತ್ರ ಬಂದಿಲ್ಲ ಇನ್ನೂ.’
ನಗುತ್ತಾರೆ. ನಾನೂ.
ಸಂಜೆ ಗಲ್ಲಾ ಎಣಿಸಿ ಎದ್ದಾಗ
ಕನ್ನಡಿಯ ಹತ್ತಿರ ಒಂದು ಗಳಿಗೆ ನಿಲ್ಲುತ್ತೇನೆ.
ಅವ್ವನ ಮೂಗು, ಅವ್ವನ ಅವ್ವನ ಮೂಗು,
ಯಾವ ದಂಡಿನಿಂದಲೂ ಬಿದ್ದುಹೋದದ್ದಲ್ಲ.

ಪೊನ್ನಂಪೇಟೆಯ ಅಜ್ಜಿಯೊಬ್ಬಳು ಕೋಲೂರಿ ಬಂದು
‘ನೀನು ಯಾರ ಮಗಳು, ಮನೆಪೆದ ಎಂತ?’ ಅಂದರೆ
ಅದು ಬೇರೆ. ಅದು ಕುರ್ಚಿ ಹಾಕಿದ ಹಾಗೆ.
ಮೂರನೇ ಮಾತಿಗೆ ಅವಳು ನನ್ನ ಚಿಕ್ಕಮ್ಮನ ನಾದಿನಿ,
ನಾಲ್ಕನೆಯದಕ್ಕೆ ಕಾಲು ಕೆಜಿ ಸಾಲ.

ಹೀಗೆ ಕೇಳಿಸಿಕೊಂಡು, ಕೇಳಿ ಬೆಳೆದ ಬಾಯಿ ನನ್ನದು.
ಅದೇ ಬಾಯಲ್ಲಿ, ಒಳ್ಳೆಮೆಣಸು ಕುಯ್ಯುವ ದಿನಗಳಲ್ಲಿ,
ಅಂಗಡಿಗೆ ಬಂದ ಹುಡುಗನನ್ನು ಕೇಳಿದೆ,
‘ಯಾವ ಊರಪ್ಪ ನಿಂದು?’
‘ಅಸ್ಸಾಂ.’
‘ಅಸ್ಸಾಂ ಸರಿ. ನಿಜವಾಗಿ ಎಲ್ಲಿ?’

ಕೈ ಜೇಬಿಗೆ ಹೋಯಿತು.
ಪ್ಲಾಸ್ಟಿಕ್ ಹೊದಿಸಿದ ಕಾರ್ಡು ತೆಗೆದು
ನನ್ನ ತಕ್ಕಡಿಯ ತಟ್ಟೆಯ ಮೇಲೆ ಇಟ್ಟ.
ಮುಳ್ಳು ಒಂದಿಷ್ಟೇ ಅಲುಗಿತು.
ನಾನು ಕೇಳಿದ್ದು ಊರು,
ಅವನಿಗೆ ಕೇಳಿಸಿದ್ದು ಠಾಣೆ.

‘ತೆಗೆದುಕೋ ಮಾರಾಯ, ಸುಮ್ಮನೆ ಕೇಳಿದೆ’ ಅಂದೆ.
ಆ ಪದ ಅವನಿಗೆ ಗೊತ್ತಿತ್ತು ಅಂತ ಕಾಣುತ್ತದೆ.
ಎಲ್ಲರೂ ಸುಮ್ಮನೆಯೇ ಕೇಳಿರುತ್ತಾರೆ.

ಮುಂದಿನ ವಾರ ಮತ್ತೆ ಬಂದ ಮೊಫಿಜುಲ್
(ಹೆಸರು ಕಾರ್ಡಿನಲ್ಲಿ ಓದಿದ್ದೆ, ಕೇಳಿರಲಿಲ್ಲ),
ಬಾಕಿ ಉಳಿದ ಹದಿನಾಲ್ಕು ರೂಪಾಯಿ ಚಿಲ್ಲರೆಗೆ.
ಮೆಟ್ಟಿಲಿಳಿದವನು ತಿರುಗಿ, ಎಸ್ಟೇಟಿನಲ್ಲಿ ಕಲಿತ ಕನ್ನಡದಲ್ಲಿ,
‘ಅಕ್ಕಾ, ನಿಮ್ದು ಯಾವ ಊರು?’

ನನ್ನದಾ?
ಮೂವತ್ತೊಂದು ವರ್ಷದಿಂದ ಇದೇ ಗಲ್ಲಾದ ಹಿಂದೆ ಕೂತವಳದ್ದಾ?
‘ಇದೇ ಊರು!’
ಹುರಿಯುವ ಬಾಣಲೆಯಿಂದ ಸಿಡಿದ ಬೀಜದ ಹಾಗೆ ಬಂತು.
ಬಂದ ಮೇಲೆ ನನಗೇ ಬಿಸಿ ತಾಗಿತು.

ಆಮೇಲೆ ಸರಿಯಾಗಿ ಹೇಳಿದೆ.
ಹುಟ್ಟಿದ್ದು ಮಕ್ಕಂದೂರಿನ ಕಡೆ,
ಆ ಆಗಸ್ಟಿನಲ್ಲಿ ಬೆಟ್ಟ ಕೆಳಗಿಳಿದು
ಅಪ್ಪನ ಗದ್ದೆಯನ್ನು ಏರಿ ಸಮೇತ ಒಯ್ದ ಜಾಗ.
ಅವನು ಕೇಳಿದ, ನಮ್ಮದೂ ಹಾಗೇ ಅಂದ.
ಬರ್ಪೇಟಾದಲ್ಲಿ ಒಂದು ನದಿ, ಹೆಸರು ಬೇಕಿ.
ನನ್ನ ಕಿವಿಗೆ ‘ಬೇಕು’ ಎಂದೇ ಬಿತ್ತು.
ಮನೆ ಬೇಕು, ಕೊಟ್ಟಿಗೆ ಬೇಕು, ಶಾಲೆಯ ಗೋಡೆಯೂ ಬೇಕು ಎಂದು
ದಂಡೆ ತಿನ್ನುತ್ತಾ ಬಂದ ನದಿ.
ಕಾರ್ಡಿನಲ್ಲಿ ವಿಳಾಸ ಇದೆ, ನೆಲ ಇಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು.
ಒಳ್ಳೆಯವಳಾಗಿಬಿಟ್ಟೆ ಎಂದುಕೊಂಡು
ಶಟರ್ ಎಳೆಯಬಹುದಿತ್ತು.
ಅಷ್ಟರಲ್ಲಿ ಜಾಜಿ ಪೊರಕೆ ಹಿಡಿದು ಒಳಗೆ ಬಂದಳು.

ಹನ್ನೊಂದು ವರ್ಷ, ದಿನಾ ತಿತಿಮತಿಯ ಬಸ್ಸು.
ಹಾಡಿಯವಳು, ಯರವರವಳು, ಅಷ್ಟೇ.
ಅದರಾಚೆ ನಾನು ಏನೂ ಕೇಳಿದವಳಲ್ಲ,
ಅವಳ ತಾಯಿ ಕಡೆಯವರು ಯಾರು,
ಹಾಡಿಗೆ ಮೊದಲು ಯಾವ ಕಾಡು.
ಬೇಜಾರಾದೀತು ಎಂದಲ್ಲ.
ಗೊತ್ತಿದೆ ಎಂದುಕೊಂಡಿದ್ದೆ.

‘ಜಾಜಿ, ನಿಮ್ಮವರೆಲ್ಲ ಮೊದಲು ಎಲ್ಲಿದ್ದರು?’

ಪೊರಕೆ ನಿಲ್ಲಲಿಲ್ಲ.
‘ಈಗ ಎಂತಕ್ಕಮ್ಮಾ ಅದು?’
ಮೆಷಿನ್ನಿನ ಕೆಳಗೆ ಉದುರಿದ್ದ ಪುಡಿ,
ಕಾಫಿ ಯಾವುದು ಚಿಕೋರಿ ಯಾವುದು ತಿಳಿಯದ್ದು,
ಗುಡಿಸುತ್ತಾ ಗುಡಿಸುತ್ತಾ ನನ್ನ ಕುರ್ಚಿಯ ತನಕ ಬಂದು
‘ಕಾಲು ಸ್ವಲ್ಪ ಎತ್ತಿ’ ಅಂದಳು.

ಎತ್ತಿದೆ.