ಕರೆಂಟ್ ಇಲ್ಲದ ಮಂಗಳವಾರ

ಮಂಗಳವಾರ ನಮ್ಮ ಓಣ್ಯಾಗ ಕರೆಂಟ್ ಇರೂದಿಲ್ಲ,
ಗಿರಣಿ ಬಂದ್.
ಹಂಗಾಗಿ ಹೊಂಟೆ, ಮತ್ತೇನೂ ದೊಡ್ಡ ಕಾರಣ ಇರಲಿಲ್ಲ.
ಗುಳೇದಗುಡ್ಡದ ಸ್ಟ್ಯಾಂಡಿನ್ಯಾಗ ಯಾವ ಬಸ್ಸು ಮೊದಲು ನಿಂತಿತೋ
ಅದರ ಬೋರ್ಡೇ ಅವತ್ತಿನ ನನ್ನ ಊರು.

ವರ್ಷಾತು ಈಗ.
ಉದ್ರಿ ಬರಿಯೂ ಉದ್ದನ್ನ ವಹಿಯ ಹಿಂದಿನ ಹಾಳಿಗೆ
ನಲವತ್ತೊಂದು ದಿನದ ಟಿಕೇಟ ಹಚ್ಚೇನಿ, ಗೋದಿಹಿಟ್ಟಿನ ಅಂಟಿಲೆ.
ಎಲ್ಲಾ ಹೆಣ್ಣುಮಕ್ಕಳ ಟಿಕೇಟ, ಎಲ್ಲಾದರ ಮ್ಯಾಲೂ ಸೊನ್ನಿ.
ಕೂಡಿಸಿ ಕೂಡಿಸಿ ನೋಡಿದೆ,
ಸೊನ್ನಿನ.
ನಮ್ಮ ಮನಿಯವರು ಚಾಳೀಸು ಏರಿಸಿ ಅಂದರು:
"ಲೆಕ್ಕ ಪಕ್ಕಾ ಐತಿ."

ಮೊದಲಿಗೆ ಬರದದ್ದು ಮರೀಬಾರದು ಅಂತ, ನನಗಷ್ಟ.
ಬಾದಾಮಿ ಗುಡ್ಡದ ಕೆಂಪು ಸೆರಗಿಗೆ ಹತ್ತಿದ್ದು
ಎರಡು ಸಲ ಒಗದರೂ ಹೋಗಲಿಲ್ಲ.
ಇಳಕಲ್ಲಿನ ಮಗ್ಗದ ಸಪ್ಪಳ
ನಮ್ಮೂರಿನದಕ್ಕಿಂತ ಒಂದು ಉಸಿರು ನಿಧಾನ.
ವಿಜಯಪುರದ ಗುಮ್ಮಟದಾಗ ನನ್ನ ಹೆಸರು ನಾನ ಕೂಗಿದೆ,
ನೀಲಾಂಬಿಕಾ.
ಇಪ್ಪತ್ತು ವರ್ಷಾತು, ಮನ್ಯಾಗ ಯಾರೂ
ಪೂರಾ ಹೆಸರು ಹಿಡದು ಕರದಿಲ್ಲ;
ಗ್ವಾಡಿ ಏಳು ಸಲ ಕರೀತು.

ವಹಿ ತಂದು ತಕ್ಕಡಿ ಮೊಳಿಗೆ ಹುರಿ ಕಟ್ಟಿ ಯಾಕ ತೂಗಹಾಕಿದೆನೋ.
ಪಾಳಿ ಹಚ್ಚಿದವರು ತಿರುವಿದರು.
ಮೊದಲು ಮೂರು ಮಂದಿ.
ಶ್ರಾವಣ ದಾಟೂದರಾಗ
ಜ್ವಾಳ ತರದವರೂ ಬಂದು ನಿಂತು ಓದಾಕ ಹತ್ತಿದರು.
ಮಾಲನಬಿ ಪೆನ್ಸಿಲ್ಲಿಲೆ ತಿದ್ದಿದಳು:
"ಅಮೀನಗಡದ ಬಸ್ಸು ಏಳೂವರಿಗಲ್ಲ, ಎಂಟಕ್ಕ.
ಕರದಂಟ ಮೂಲಿ ಅಂಗಡ್ಯಾಗ ತಗೋಬ್ಯಾಡ್ರಿ."

ನಾ ಎರಡು ರಾತ್ರಿ ಕುಂತು ಬರದ ಆಲಮಟ್ಟಿಯ ಸೂರ್ಯಾಸ್ತದ ಮ್ಯಾಲ
ಯಾರೋ ಪುಟಾಣಿ ಕಟ್ಟಿದ ಕಾಗದ ಇಟ್ಟು ಹೋಗಿದ್ದರು.
ಬಟ್ಟು ಬಿದ್ದು ಬಿದ್ದು ಕರ್ರಗಾದ ಹಾಳಿ ಒಂದ:
ಯಾವ ಸ್ಟ್ಯಾಂಡಿನ ಪಾಯಿಖಾನಿ ಬಾಗಿಲಕ್ಕ ಚಿಲಕ ಐತಿ,
ಎಲ್ಲಿ ಇಲ್ಲ,
ಎಲ್ಲಿ ಒಬ್ಬಾಕಿ ಹೊರಗ ನಿಂತು ಕಾಯಬೇಕು.

ಒಂದು ಮಾತು ಒಪ್ಪಕೋಬೇಕು.
ಇಪ್ಪತ್ತಾರನೇ ಹಾಳ್ಯಾಗ, ಜಮಖಂಡಿಯಾಚೆ,
ಕೃಷ್ಣಾ ಹೊಳಿ ದಾಟಿದೆ ಅಂತ ಬರದೇನಿ.
ದೋಣಿ ವಾಲಿದ್ದು, ಉಡಿಗೆ ನೀರು ಸಿಡದದ್ದು,
ನನ್ನ ಚೀರಾಟಕ್ಕ ಅಂಬಿಗ ನಕ್ಕದ್ದು.
ಸುಳ್ಳು.
ಚಪ್ಪಲಿ ಕೈಯಾಗ ಹಿಡಕೊಂಡು ದಂಡ್ಯಾಗ ನಿಂತಿದ್ದೆ.
ಮೂರು ಖೇಪು ಹೋತು, ಬಂತು.
ಹುಡುಗರು ಸೈಕಲ್ ಏರಿಸಿದರು, ಒಬ್ಬಾಕಿ ಆಡು ಏರಿಸಿದಳು.
ಒಣ ಕಾಲಿಲೆ ಸಂಜಿ ಬಸ್ಸಿಗೆ ತಿರುಗಿ ಬಂದೆ.
ಓದಾವರು ಮುಂದಿನ ಊರು ಯಾವುದವ್ವಾ ಅಂತ ಕೇಳತಿದ್ದರು,
ಹಾಳಿಗೆ ಒಂದು ಹೊಳಿ ಬೇಕಿತ್ತು.

ಖಣ ನೇಯೂ ಗುರಸಿದ್ದವ್ವಗ ಓದಾಕ ಬರೂದಿಲ್ಲ.
ಮೊಮ್ಮಗಳ ಕಡೆ ಆ ಹಾಳಿ ಓದಿಸಿಕೊಂಡಿದ್ದಳಂತ,
ಹೋಗಿ ದಾಟೇ ಬಂದಳು.
"ನೀ ಬರದಂಗ ಇಲ್ಲ ಬಿಡವ್ವಾ," ಅಂದಳು ಜ್ವಾಳದ ಡಬ್ಬಿ ಇಳಿಸಿ,
"ನೀರೇನೂ ಸಿಡಿಯೂದಿಲ್ಲ.
ನಡುಹೊಳ್ಯಾಗ ಹೋದಾಗ ಎರಡೂ ದಂಡಿ ಸಪ್ಪಳ ನಿಲ್ಲತಾವು ನೋಡು,
ಹುಟ್ಟಿ ಬಂದಾಗಿಂದ ಮಗ್ಗದ ಸಪ್ಪಳಿಲ್ಲದ ಕಿವಿ
ಅವತ್ತ ಕಂಡೆ.
ಅದನ್ಯಾಕ ಬರೀಲಿಲ್ಲ?"
ಗಿರಣಿ ತಿರಗತಿತ್ತು.
ಕೇಳಸಲಿಲ್ಲ ಅನ್ನೂಹಂಗ ಹಿಟ್ಟು ಜಾಡಿಸಿಕೋತ ನಿಂತೆ.

ಇವತ್ತ ಸೋಮವಾರ ರಾತ್ರಿ.
ಪಟ್ಟಾ ಬಿಚ್ಚಿಟ್ಟು ವಹಿ ಇಳಿಸಿಕೊಂಡೇನಿ.
ಇಪ್ಪತ್ತಾರರ ಅಂಚಿಗೆ ಕೆಂಪು ಪೆನ್ನಿಲೆ:
"ನಾ ದಾಟಿಲ್ಲ. ನೀಲಾಂಬಿಕಾ."
ಮುಂದಿನ ಅರ್ಧ ಹಾಳಿ ಖಾಲಿ ಬಿಟ್ಟೇನಿ.
ಗುರಸಿದ್ದವ್ವ ಮುಂಜಾನಿ ಆರಕ್ಕ ಬರತೀನಿ ಅಂದಾಳ.
ಕೆಳಗ ಸಣ್ಣ ಅಕ್ಷರದಾಗ, ಅಂದ ನೋಡಿದ್ದನ್ನ, ಮತ್ತೊಂದು ಸಾಲು:
"ದಂಡ್ಯಾಗ ಪಾಯಿಖಾನಿ ಇಲ್ಲ,
ಜಮಖಂಡ್ಯಾಗ ಮುಗಿಸಿಕೊಂಡು ಬರ್ರಿ.
ಇದು ಖರೆ."