ಹನ್ನೊಂದು ಕಾಲರ್

ಅಂಗನವಾಡಿಯ ಶಮಶಾದ್ ಆಪಾ ಕೊಟ್ಟ ಕಾರ್ಡಿನ್ಯಾಗ
ಮರಾಠಿಯೊಳಗ ಬರದದ:
ಮೂರು ತಿಂಗಳ ಕೂಸು
ಒಂದೂವರಿ ತಾಸಿಗಿಂತ ಹೆಚ್ಚು ಎಚ್ಚರ ತಡಿಯಂಗಿಲ್ಲ.
ನಮ್ಮ ಗಡಿಯಾರದ ಸೆಲ್ ಸತ್ತು
ದೀಪಾವಳಿಯಿಂದ ಹಂಗೇ ಅದ.
ನಾ ಕಾಲರ್ ಎಣಿಸ್ತೀನಿ.

ಸಾಲಿ ಹುಡುಗರ ಬಿಳಿ ಅಂಗಿ,
ಸೊಲ್ಲಾಪುರದಿಂದ ಎಲ್ಲೆಲ್ಲಿಗೋ ಹೋಗ್ತಾವ.
ಶೇಠ್ ಕತ್ತರಿಸಿ ಕಳಿಸ್ತಾನ, ನಾ ಕುತ್ತಿಗಿ ಹಚ್ಚತೀನಿ.
ರೇವಣ ಎದ್ದು, ಕುಡದು, ತೇಗಿ,
ಫ್ಯಾನಿನ ರೆಕ್ಕಿ ಜೋಡಿ ಏನೋ ಮಾತಾಡಿ
ಹನ್ನೊಂದನೇ ಕಾಲರಿಗೆ ಹುಬ್ಬು ಕೆಂಪು ಮಾಡ್ಕೋತಾನ.
ಮುಷ್ಟಿಲೆ ಕಿವಿ ತಿಕ್ಕತಾನ.
ಕಣ್ಣು ನನ್ನ ದಾಟಿ
ಗ್ವಾಡಿ ಆಚಿ ಎಲ್ಲೋ ನಿಂತುಬಿಡ್ತಾವ.
ಅದೇ ಹೊತ್ತು. ಎತ್ತಿ ತೊಟ್ಟಿಲಿಗೆ ಹಾಕಬೇಕು.

ಮೊದಲು ಇದು ಗೊತ್ತಿರಲಿಲ್ಲ.
ಎಂಟಕ್ಕೇ ಹಾಕಿದ ದಿನ
ಆಟ ಅನ್ಕೊಂಡು ಕಾಲು ಒದ್ದು ನಕ್ಕ.
ಹದಿನಾಲ್ಕಕ್ಕ ಬಿಟ್ಟ ದಿನ
ಬಾಗಿಲಿಗೆ ಬಂದ ನಿದ್ದಿ ತಿರುಗಿ ಹೋಗಿತ್ತು.
ಅತ್ತು ಅತ್ತು ತುಟಿ ನೀಲಿಯಾಗಿ
ಎದುರುಮನಿ ನರಸವ್ವ ತೆಲುಗಿನ್ಯಾಗ ದೃಷ್ಟಿ ತಗದಳು.
ಅತ್ತಿ, ಹಾಲು ಸಾಲಂಗಿಲ್ಲ ನಿಂದು, ಅಂದಳು.
ಆಕಿ ಮಳಿ ಬರದಿದ್ರೂ ಅದನ್ನೇ ಅಂತಾಳ.

ಮಶೀನಿನ ದಾರ ಇದ್ದಂಗ ಇದು:
ಸಡ್ಲ ಬಿಟ್ರ ಕೆಳಗ ಗಂಟು,
ಬಿಗಿ ಮಾಡಿದ್ರ ಫಟ್ಟಂತ ಹರೀತದ.
ನಡುವಿನ ಆ ಅರ್ಧ ತಿರುಪು
ಬೆರಳಿಗೇ ತಿಳೀಬೇಕು.

ಇವರು ಟವೆಲ್ ಮಿಲ್ಲಿನ ರಾತ್ರಿ ಪಾಳಿ.
ಮುಂಜಾನೆ ಬಂದು ಬೂಟು ಬಿಚ್ಚತಾ ಕೇಳ್ತಾರ,
ಯಾವಾಗ ಮಲಗಿದ?
ಹನ್ನೊಂದಕ್ಕ, ಅಂತೀನಿ.
ಇವರು ಗಂಟಿ ಅನ್ಕೋತಾರ.

ಈ ವಾರ ಹನ್ನೆರಡು ತಡೀತಾನ.
ಮೊನ್ನಿ ಸಂಜಿ ಹದಿಮೂರು, ನಿನ್ನಿ ಮತ್ತ ಒಂಬತ್ತು.
ಮೂಗು ಕಟ್ಟಿತ್ತು, ಪಾಪ.
ಬೆಳಿಯೋದು ನೆಟ್ಟನ ಹೊಲಿಗಿ ಏನಲ್ಲ.

ರಾತ್ರಿ ಎರಡೋ ಮೂರೋ, ಮಾಲು ಮುಗೀತು.
ಕಾಲು ತಗದೆ, ಮಶೀನು ನಿಂತಿತು.
ತೊಟ್ಟಿಲಿನ್ಯಾಗ ಎರಡು ಕಣ್ಣು ತೆರೆದವು.
ಇಷ್ಟು ದಿನ ನನ್ನ ಜೋಗುಳಕ್ಕ ಮಲಗತಾನ ಅನ್ಕೊಂಡಿದ್ದೆ.

ಸೂಜಿ ಬಿಚ್ಚಿಟ್ಟೆ. ದಾರ ಸುತ್ತಿಟ್ಟೆ.
ಅಕ್ಕಲಕೋಟ ರೋಡಿಗೆ ಮೊದಲ ಟೆಂಪೋ ಬರೋತನಕ
ಖಾಲಿ ಮಶೀನು ತುಳೀತಾ ಕೂತೆ.
ಒಂದು. ಎರಡು. ಮೂರು.
ಯಾರ ಕುತ್ತಿಗಿಗೂ ಬರದ ಕಾಲರ್.